ಕಾಂಕಾರ್ಡೂ ಉಡುಪಿ ಬಸ್ಸೂ

ಮುಖ ನೋಡದೆ ಪ್ರೀತಿಸುವ ಅಭ್ಯಾಸ ನನಗೆ ಹತ್ತಿದ್ದು ಮೂವತ್ತು ದಾಟಿದ ಮೇಲೆ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಹಾಗೆ ಇಬ್ಬರಿಗೆ ಮನಸೋತಿದ್ದೆ. ಒಂದು, ಶಬ್ದಕ್ಕಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನ. ಇನ್ನೊಂದು, ಉಡುಪಿಯ ಅಜ್ಜಿಮನೆಯಲ್ಲಿ ಹುಟ್ಟಿದ್ದ ನನ್ನ ಮಗಳು.

ವಿಮಾನದ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ, ಕಾಂದಿವಲಿಯ ನನ್ನ ಕೋಣೆಯಲ್ಲಿ ದೇವರ ಪಟದ ಪಕ್ಕಕ್ಕೇ ಅಂಟಿಸಿದ್ದೆ. ಕೊಕ್ಕು ಬಗ್ಗಿಸಿದ ಕೊಕ್ಕರೆಯ ಹಾಗಿತ್ತು. ಮಗಳ ನಾಮಕರಣಕ್ಕೆಂದು ಹತ್ತಿದ ಬಸ್ಸು, ಮಳೆಗೆ ಘಾಟಿ ಕುಸಿದು, ಅರ್ಧ ದಾರಿಯಿಂದ ಹಿಂದಿರುಗಿತು. ಆಮೇಲೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಮಗು ಅಂಬೆಗಾಲಿಟ್ಟಿತು, ಎದ್ದು ನಿಂತಿತು. ಎಲ್ಲವೂ ನನಗೆ ಅಂಚೆಯಲ್ಲಿ ತಿಳಿಯಿತು. ವೇಗದ ಮೇಲೆ ನನಗೆ ಅಷ್ಟೊಂದು ಮೋಹ ಹುಟ್ಟಿದ್ದು ಹಾಗೆ. ಮುಂದೆ ಎಲ್ಲರೂ ಅಂಥ ವಿಮಾನದಲ್ಲೇ ಓಡಾಡುವ ಕಾಲ ಬರುತ್ತದೆ, ಆಗ ಚಹಾ ಆರುವುದರೊಳಗೆ ಉಡುಪಿ ತಲುಪಬಹುದು ಎಂದು ಬೈಕುಲ್ಲಾದಲ್ಲಿ ಹೋಟೆಲ್ ನಡೆಸುತ್ತಿದ್ದ ಶೆಟ್ಟರಿಗೆ ಹೇಳಿದೆ.

"ಅದು ಆಗ್ಲಿಕ್ಕಿಲ್ಲ ಮಾರಾಯ್ರೆ. ಅದು ಬ್ರೇಕ್ ಹಾಕುವಾಗ ಕೊಚ್ಚಿ ದಾಟಿರ್ತದೆ. ಮತ್ತೆ ಅಲ್ಲಿಂದ ಬಸ್ಸಲ್ಲಿ ವಾಪಸ್ ಬರ್ಬೇಕು" ಎಂದರು ಶೆಟ್ಟರು.

ವೇಗ ನಮ್ಮವರಿಗೆ ಹೊಸದೇನಲ್ಲ. ಪುಷ್ಪಕ ವಿಮಾನ ಮನೋವೇಗದಲ್ಲಿ ಹೋಗುತ್ತಿತ್ತಂತೆ. ಅದರ ಮುಂದೆ ಶಬ್ದದ ವೇಗ ಎತ್ತಿನ ಗಾಡಿಯೇ ಸರಿ. ನನ್ನ ಮನಸ್ಸೂ ಗಳಿಗೆಗೊಮ್ಮೆ ಉಡುಪಿಗೆ ಹೋಗಿ ಬರುತ್ತಿತ್ತು. ಮೈ ಮಾತ್ರ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಿತ್ತು.

ಕೊನೆಗೆ ಹೆಂಡತಿ ಜಲಜಾ ಮಗುವನ್ನು ಕರೆದುಕೊಂಡು ನನ್ನಲ್ಲಿಗೆ ಹೊರಟಳು. "ಮಗುವಿಗೆ ನಿಮ್ಮ ಗುರುತು ಸಿಗಲಿಕ್ಕಿಲ್ಲ, ಬೇಸರ ಮಾಡಬೇಡಿ" ಎಂದು ಅತ್ತೆ ಬರೆದಿದ್ದರು. ಬೇಸರವಲ್ಲ, ನನಗೆ ಭಯವೇ ಆಯಿತು. ಸ್ವಂತ ಮಗಳು ನನ್ನನ್ನು ಕಂಡು ಚೀರಿದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಬಸ್ಸು ಸಯನ್‌ಗೆ ಬಂದಾಗ ಬಿಸಿಲೇರಿತ್ತು. ಜಲಜಾ ಧೂಳು ಮೆತ್ತಿದ ಮುಖದಲ್ಲಿ ಇಳಿದಳು. ಮಗು ನನ್ನನ್ನೇ ದಿಟ್ಟಿಸಿತು. ಕೈ ಚಾಚುವ ಧೈರ್ಯವಾಗದೆ ನಾನು ಟ್ರಂಕು ಹಿಡಿದು ನಿಂತೆ. ಜಲಜಾ ಮಗುವಿನ ಕಿವಿಯಲ್ಲಿ, "ಹ್ಞಾಂ, ಇವರೇ" ಎಂದಳು. ಮಗು ಎರಡೂ ಕೈ ಚಾಚಿ ನನ್ನ ಮೇಲೆ ಬಿದ್ದು ಮೀಸೆ ಹಿಡಿದೆಳೆಯಿತು. ನನ್ನ ಕಣ್ಣಲ್ಲಿ ನೀರು ಬಂತು. ಮೀಸೆ ಎಳೆದದ್ದಕ್ಕೆ ಎಂದು ಹೇಳಿ ಬಚಾವಾದೆ.

"ಇದೇನೇ ಪವಾಡ?" ಎಂದೆ.

"ಎಂತ ಪವಾಡ! ನಿಮ್ಮ ಫೋಟೋ ತೋರಿಸಿದ್ದೇ ತಪ್ಪಾಯ್ತು. ಮೀಸೆ ಇದ್ದವರೆಲ್ಲ ಇವಳಿಗೆ ಅಪ್ಪನೇ. ಬಸ್ ನಿಂತಲ್ಲೆಲ್ಲ ಒಬ್ಬೊಬ್ಬರಿಗೆ ಕೈ ಚಾಚುದು. 'ಇವರಲ್ಲ ಮಗಾ, ಅಪ್ಪ ಇನ್ನೂ ಮುಂದೆ ಇದ್ದಾರೆ' ಅಂತ ದಾರಿಯಿಡೀ ಹೇಳಿ ಹೇಳಿ ನನ್ನ ಗಂಟಲು ಹೋಯ್ತು."

ವೇದಾಂತಿಗಳು ಪರಬ್ರಹ್ಮವನ್ನು ಹೀಗೆಯೇ, ಇದಲ್ಲ, ಇದಲ್ಲ ಎನ್ನುತ್ತಾ ಹುಡುಕುತ್ತಾರಂತೆ. ಕಾಂದಿವಲಿಯ ಗುಮಾಸ್ತನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಬಸ್ಸು ನಿಧಾನವಾಗಿದ್ದರಿಂದ.

ಕಾಂಕಾರ್ಡಿನ ಮೋಹ ಇನ್ನೂ ಬಿಟ್ಟಿಲ್ಲ. ನಮ್ಮಂಥವರಿಗೂ ಅಂಥ ವಿಮಾನ ಎಟುಕುವ ದಿನ ಬಂದರೆ ಹತ್ತಿಯೇ ಹತ್ತುತ್ತೇನೆ, ನಾನು ಪ್ರೀತಿಸುವವರ ಬಳಿಗೆ ಹೋಗಲಿಕ್ಕೆ. ನನ್ನ ಬಳಿಗೆ ಬರುವವರು ಮಾತ್ರ ಬಸ್ಸಿನಲ್ಲೇ ಬರಲಿ. ದಾರಿಯಲ್ಲಿ ನಾಲ್ಕು ಮೀಸೆ ನೋಡಿಕೊಂಡು ಬರಲಿ.