ಇನ್ನಾ ಮೂಗು ಬಂದಿಲ್ಲ

ಎಪ್ಪತ್ತರ ದಶಕದಲ್ಲಿ ದೇವದುರ್ಗದ ನಮ್ಮ ಶಾಲೆಯಲ್ಲಿದ್ದ ಡ್ರಾಯಿಂಗ್ ಮಾಸ್ತರರು ಎಲ್ಲಿಗೆ ಹೊರಟರೂ ಕಂಡದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಚಿತ್ರ ಬರೆದಿಡುತ್ತಿದ್ದರು. “ತಡೀರಿ, ಇನ್ನಾ ಮೂಗು ಬಂದಿಲ್ಲ” ಎಂದು ಕಂಡಕ್ಟರನನ್ನೂ ಬೇವಿನ ನೆರಳಿನ ಆಡನ್ನೂ ಒಂದೇ ದನಿಯಲ್ಲಿ ನಿಲ್ಲಿಸುತ್ತಿದ್ದರು. ಮೂಗು ಸಿಕ್ಕರೆ ಮನುಷ್ಯ ಸಿಕ್ಕಂತೆ ಎಂಬುದು ಅವರ ಲೆಕ್ಕ.

ಒಮ್ಮೆ ನಾನೂ ಜೊತೆಗಿದ್ದೆ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ಮಸರಕಲ್ಲಿನ ಹೆಣ್ಣುಮಗಳೊಬ್ಬಳು ಗಂಡ ತಪ್ಪಿಸಿಕೊಂಡನೆಂದು ಅಳುತ್ತಿದ್ದಳು. ಮೈಕಿನಲ್ಲಿ ಕೂಗಲು ಹೆಸರು ಕೇಳಿದರೆ, “ಮನಿಯವರ ಹೆಸ್ರು ನಾ ಹೆಂಗ ಹೇಳ್ಲಿರೀ?” ಎಂದಳು.

ಮಾಸ್ತರರು ಪುಸ್ತಕ ತೆರೆದರು. “ಹೆಸ್ರು ಬ್ಯಾಡ ಬಿಡವ್ವಾ. ಮೂಗು ಹೆಂಗದ, ಅದನ್ನ ಹೇಳು.”

ಆಕೆ ಹೇಳುತ್ತ ಹೋದಂತೆ ಪೆನ್ಸಿಲ್ ಓಡಿತು. ಆ ಹಾಳೆ ಹಿಡಿದು ಹುಡುಕಿದಾಗ ಆತ ಮಾನ್ವಿ ಬಸ್ಸಿನ ಬಳಿ ಸಿಕ್ಕ. ಆದರೆ ಮೂಗು ಬಂದದ್ದು ನನಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು. ಚಿತ್ರ ಕಂಡೊಡನೆ ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡಿದ್ದಳು.