ಏನಂತಾವ ನೀಲತ್ತಿ?

ಕೊತ್ತಂಬ್ರಿ ಸಿವುಡು ಬಿಚ್ಚಿದಾಗ ಬರೋ ಆ ಹಸಿ ವಾಸನಿ ಮೂಗಿಗೆ ತಾಕಿತಂದ್ರ ಸಾಕು, ಇವತ್ತಿಗೂ ನನ್ನ ಕಿವಿ ತಾನಾಗಿ ಅಡಗಿಮನಿ ಮೂಲಿ ಕಡೆ ಹೊರಳತೈತಿ. ಅಲ್ಲಿಂದ ಈಗ ‘ಕುಂಯ್ಯ್, ಕುಂಯ್ಯ್’ ಅಂತ ಎರಡು ಸೀಟಿ ಕೇಳಬೇಕು. ಕೇಳಂಗಿಲ್ಲ. ಈಗಿನ ಮನಿ ಮೂಲ್ಯಾಗ ಗ್ಯಾಸಿನ ಸಿಲಿಂಡರ್ ಐತಿ. ನಿಮಗೂ ಇಂಥಾದ್ದೊಂದು ಇದ್ದೀತು. ಮನಿ ಹೋಗಿರತೈತಿ, ಮಂದಿ ಹೋಗಿರತಾರ, ಕಿವಿ ಮಾತ್ರ ಇನ್ನೂ ಹಳೇ ಮನ್ಯಾಗ ಕಾಯಕೋಂತ ಕುಂತಿರತೈತಿ.

ಆ ಮನಿ ಧಾರವಾಡದಾಗಿತ್ತು. ನಾವು ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕ ಸೇರಿ ನಾಲ್ಕೈದು ವರ್ಷ ಆಗಿದ್ದ ಕಾಲ. ಅಪ್ಪ ಕನ್ನಡ ಸಾಲಿ ಮಾಸ್ತರ; ಯಾರದರ ವ್ಯಾಕರಣ ತಪ್ಪಿದ್ರ ಊಟಕ್ಕ ಕುಂತಾಗೂ ಬಿಡದ ತಿದ್ದಾಂವ. ಅವನ ತಂಗಿ ನೀಲತ್ತಿ ಆ ವರ್ಷ ಪಂಚಮಿಗೆ ತವರಿಗೆ ಬಂದಾಕಿ, ಹಬ್ಬ ಮುಗದು ಜೋಕಾಲಿ ಹಗ್ಗ ಬಿಚ್ಚಿದ್ರೂ ತಿರುಗಿ ಹೋಗಲಿಲ್ಲ. ಯಾಕ ಅಂತ ಹೇಳಲೂ ಇಲ್ಲ. ಬೆಳಕಿಂಡಿಯಿಂದ ಪಡಸಾಲ್ಯಾಗ ಬಿಸಲು ಇಳಿಯೋ ಜಾಗಾದಾಗ ಕುಂತು, ಆ ಬಿಸಲು ಸರದಂಗ ತಾನೂ ಸರಕೋಂತ ಹೋಗಾಕಿ. ಗಂಡನ ಮನ್ಯಾಗ ಅಕಿ ಒಂದು ಮಾತಾಡಿದ್ರ ಒಂದು ಪೆಟ್ಟು ಬೀಳತಿತ್ತಂತ ನನಗ ಗೊತ್ತಾಗಿದ್ದು ಬಾಳ ವರ್ಷದ ಮ್ಯಾಲೆ. ಅಪ್ಪನ ಅವ್ವ, ನಮ್ಮ ಆಯಿ, “ಕೊಟ್ಟ ಹೆಣ್ಣು ಕುಲಕ್ಕ ಹೊರಗ” ಅಂತ ದಿನಾ ಗೊಣಗಾಕಿ. ಗೊಣಗಿ, ಅತ್ತಿ ತಾಟಿಗೆ ಒಂದು ಚಮಚ ತುಪ್ಪ ಹೆಚ್ಚಿಗೇನ ಹಾಕಾಕಿ.

ಅಂಥಾದ್ರಾಗ ನಮ್ಮ ಕಾಕಾ ಹುಬ್ಬಳ್ಳಿಗೆ ಹೋದಾಂವ, ಕೇಶ್ವಾಪುರದ ಒಬ್ಬ ರೈಲ್ವೆ ಸಾಹೇಬರ ಮನಿಯಿಂದ ಎರಡು ಗಿನಿಪಿಗ್ ಮರಿ ತಂದ. ಬಿಸ್ಕೀಟಿನ ಡಬ್ಬಿಗೆ ತೂತು ಹೊಡದು, ಅದರಾಗ ಕುಂಡ್ರಿಸಿ, ರೈಲಿನ್ಯಾಗ. ಸಾಹೇಬರಿಗೆ ವರ್ಗ ಆಗಿತ್ತಂತ. ಕಾಕಾ ಶಾಣ್ಯಾ. ಪಿಗ್ ಅಂದ್ರ ಹಂದಿ ಅಂತ ಆಯಿಗೆ ತಿಳದ್ರ ಮರಿ ಜೋಡಿ ತಾನೂ ಹೊರಗ ಅಂತ ಅಂವಗ ಗೊತ್ತಿತ್ತು. ಅದಕ್ಕ ಹೆಸರಿನ ಬಾಲ ನುಂಗಿ, “ಗಿನಿ ತಂದೇನವ್ವಾ” ಅಂದ. ಬಂಗಾರದ ಗಿನ್ನಿ ಅಂತ ತಿಳದು ಆಯಿ ಹಿಟ್ಟಿನ ಕೈ ತೊಳಕೊಂಡು ಲಗೂ ಲಗೂ ಬಂದ್ಲು. ಮುಚ್ಚಳ ತಗದ್ರ ಒಳಗ ಅಂಗೈಯಷ್ಟಷ್ಟ ಎರಡು ಕೂದಲಿನ ಉಂಡಿ, ಅವಕ್ಕ ಪಿಳಿಪಿಳಿ ಕಣ್ಣು. “ಗಿನ್ನಿ ಅಂತ, ಗಿನ್ನಿ. ಬಾಲ ಇಲ್ಲದ ಇಲಿ ತಂದಾನ ನನ್ನ ಮಗ” ಅಂದು ಒಳಗ ಹೋದ್ಲು. ಹೆಸರು ಮಾತ್ರ ಗಿನ್ನಿ ಅಂತನ ಉಳೀತು.

ಮೊದಲ ಕೆಲವು ದಿನ ಅವು ಬಾಗಲಾ ಬಡದ್ರ ಕಲ್ಲು, ಪಾತ್ರಿ ಬಿದ್ರ ಕಲ್ಲು. ಸತ್ತಾವೇನಂತ ನಾ ಕಡ್ಡೀಲೆ ತಿವಿಯಾಕ ಹೋದ್ರ, ನೀಲತ್ತಿ ತನ್ನ ಬಿಸಲು ಬಿಟ್ಟು ಎದ್ದು ಬಂದ್ಲು. “ಸತ್ತಿಲ್ಲ, ಅಂಜ್ಯಾವ. ಅಂಜಿದಾಗ ಹಂಗ ಕುಂಡ್ರತಾವ, ಯಾರ ಕಣ್ಣಿಗೂ ಬೀಳಬಾರದಂತ.” ಅತ್ತಿ ಅಷ್ಟು ಉದ್ದ ಮಾತಾಡಿದ್ದು ನಾ ಕೇಳಿದ್ದು ಅವತ್ತ ಮೊದಲ. ಆಮ್ಯಾಲೆ ಬಿಸಲು ಸರದಂಗ ಅಕಿ ಜೋಡಿ ಗಿನ್ನಿಗಳ ಪೆಟ್ಟಿಗೀನೂ ಸರಿಯಾಕ ಹತ್ತಿತು. ನನಗೊಂದು ಚಟಾ ಅಂಟಿತು, ಅವು ಏನು ಸದ್ದು ಮಾಡಿದ್ರೂ “ಏನಂತಾವ ನೀಲತ್ತಿ?” ಅಂತ ಕೇಳೂದು. ಈಳಿಗಿ ಮುಂದ ಕೊತ್ತಂಬ್ರಿ ಬಿಚ್ಚೂದ ತಡ, ಕುಂಯ್ಯ್ ಅಂತ ಸೀಟಿ. “ನಮ್ಮ ಪಾಲು ಎಲ್ಲಿ ಅಂತಾವ.” ಸಂಜಿಮುಂದ ಕರಕಿ ತಿಂದು ಹೊಟ್ಟಿ ತುಂಬಿದ್ರ ನಿಂತಲ್ಲೆ ಪುಟುಕ್ಕನ ಜಿಗದು, ಗಾಳ್ಯಾಗ ಮೈ ತಿರುವಿ ಬೀಳತಿದ್ದವು, ಬಿಸಿ ಬಾಣಲ್ಯಾಗಿನ ಜ್ವಾಳದ ಅಳ್ಳಿನಂಗ. “ಏನೂ ಅನ್ನಂಗಿಲ್ಲ. ಸಣ್ಣವು, ಖುಷಿ ಆಗೈತಿ.” ಬೆನ್ನ ಮ್ಯಾಲೆ ಅಕಿ ಕೈ ಇಟ್ರ ಗಂಟಲ ತಳದಾಗಿಂದ ಗುರ್ರ್ ಅಂತ ಸದ್ದು, ಎಲ್ಲೋ ದೂರದ ಮನ್ಯಾಗ ಯಾರೋ ಬೀಸಾಕತ್ತಂಗ. “ಕೈ ತಗೀಬ್ಯಾಡ ಅಂತಾವ.” ಆ ಮಧ್ಯಾಹ್ನದ ಬಿಸಲಿನ್ಯಾಗ ಅತ್ತಿ ಉಡ್ಯಾಗ ಎರಡು ಗಿನ್ನಿ, ಮಗ್ಗಲದಾಗ ನಾನು. ನಿದ್ದಿ ಎಲ್ಲಿಂದ, ಗುರ್ರ್ ಎಲ್ಲಿಂದ, ತಿಳೀತಿರಲಿಲ್ಲ. ಅಷ್ಟು ಸುಖಾ ನನಗ ಮತ್ತ ಸಿಗಲಿಲ್ಲ, ಸುಳ್ಳು ಯಾಕ ಹೇಳಲಿ.

ಸಂಕ್ರಾಂತಿ ಮುಗದ ಮ್ಯಾಲೆ ಅತ್ತಿಯ ಮಾವ ಅಕಿನ್ನ ಕರಕೊಂಡು ಹೋಗಾಕ ಬಂದ್ರು. ದೊಡ್ಡ ರುಮಾಲು, ಕೈಯಾಗ ಬೆಳ್ಳಿ ಕಟ್ಟಿನ ಬೆತ್ತ, ಮಾತು ಬೆಣ್ಣಿ. “ಹುಡುಗಿನ್ನ ಕಳಸ್ರಿ ಮಾಸ್ತರ. ಮಂದಿ ಬಾಯಿ ಕೆಟ್ಟದ್ದು” ಅಂದ್ರು. ಅಪ್ಪ ನೆಲಾ ನೋಡಕೋಂತ ಕುಂತ. ಆಯಿ ಸೆರಗು ಬಾಯಿಗೆ ಹಿಡದಿದ್ಲು. ಅಪ್ಪ ಹೂಂ ಅಂದ್ರ ಮುಗೀತು, ಅವತ್ತ ಮಧ್ಯಾಹ್ನದ ಮೋಟಾರಿಗೆ ಅತ್ತಿ ಹೋಗಬೇಕು. ಅಕಿ ಚಹಾದ ತಾಟು ಹಿಡಕೊಂಡು ಬಾಗಲದಾಗ ನಿಂತಿದ್ಲು, ಕಲ್ಲಾಗಿ. ಮಾವ ಬೆತ್ತ ಟಕ್ಕಂತ ನೆಲಕ್ಕ ಕುಟ್ಟಿದ್ರು. ಆಗ ಮೂಲ್ಯಾಗಿನ ಪೆಟ್ಟಿಗ್ಯಾಗಿಂದ ಕಟಕಟ ಹಲ್ಲು ಕಡಿಯೋ ಸದ್ದು ಬಂತು. ಆ ಸದ್ದು ನಾ ಹಿಂದ ಎಂದೂ ಕೇಳಿರಲಿಲ್ಲ. ಚಟಾ ನೋಡ್ರಿ, ದೊಡ್ಡವರ ನಡುವ ಬಾಯಿ ಹಾಕಿಬಿಟ್ಟೆ. “ಏನಂತಾವ ನೀಲತ್ತಿ?”

ಅತ್ತಿ ನನ್ನ ಕಡೆ ನೋಡಲಿಲ್ಲ, ಪೆಟ್ಟಿಗಿ ಕಡೆನೂ ನೋಡಲಿಲ್ಲ. ಆ ಬೆತ್ತ ನೋಡಕೋಂತ, “ಒಲ್ಲೆ ಅಂತಾವ” ಅಂದ್ಲು.

ಅಪ್ಪ ತಲಿ ಎತ್ತಿದ. ಗಿನ್ನಿ ಎರಡು. ಎರಡಿದ್ದಲ್ಲೆ ‘ಒಲ್ಲೆವು’ ಅನ್ನಬೇಕು. ಒಲ್ಲೆ ಅಂದ್ರ ಒಬ್ಬಾಕಿನ. ಅವತ್ತ ಅಪ್ಪ ವ್ಯಾಕರಣ ತಿದ್ದಲಿಲ್ಲ. ಎದ್ದು ಹೋಗಿ ತಂಗಿ ಕೈಯಾಗಿನ ತಾಟು ತಾನ ಇಸಕೊಂಡು, ಕಪ್ಪು ಅವರ ಮುಂದ ಇಟ್ಟ. “ಹುಡುಗಿ ಒಲ್ಲೆ ಅಂತಾಳ್ರಿ. ಚಹಾ ತಗೋರಿ, ಆರತೈತಿ.”

“ಇಲಿ ಮಾತು ಕೇಳತೀರೇನ್ರಿ ಮಾಸ್ತರ?” ಅಂದ್ರು ಮಾವ.

ಆಯಿ ಸೆರಗು ಬಾಯಿಂದ ತಗದ್ಲು. “ಇಲಿ ಅನಬ್ಯಾಡ್ರಿ. ಬಂಗಾರದ ಗಿನ್ನಿ ಅವು” ಅಂದ್ಲು.

ಗಿನ್ನಿಗಳು ಮುಂದ ನಾಲ್ಕೈದು ವರ್ಷ ಇದ್ದು, ಒಂದರ ಹಿಂದ ಒಂದು ಹಿತ್ತಲದ ಮಲ್ಲಿಗಿ ಬಳ್ಳಿ ಬುಡಕ್ಕ ಹೋದವು. ಆಯಿ ಹೋದ್ಲು, ಅಪ್ಪ ಹೋದ, ಕಾಕಾ ಹೋದ. ಆ ಮನಿ ಇದ್ದಲ್ಲೆ ಈಗ ಅಂಗಡಿ ಸಾಲು. ನೀಲತ್ತಿ ಮತ್ತ ಕಲ್ತು, ಸಾಲಿ ಅಕ್ಕೋರಾಗಿ, ನಾಕು ಮಂದಿ ಮಾತು ಒಬ್ಬಾಕಿನ ಆಡಿ ಕಳದ್ಲು. ಕಡೇಕ ಲಕ್ವಾ ಹೊಡದು ಮಾತು ಮತ್ತ ನಿಂತಿತು. ಹುಬ್ಬಳ್ಳಿ ದವಾಖಾನ್ಯಾಗ, ಕಿಡಕಿಯಿಂದ ಅಕಿ ಮಂಚದ ಮ್ಯಾಲೆ ಬಿಸಲು ಬಿದ್ದಿತ್ತು. ಮಗ್ಗಲಾಗಿ ಮಲಗಿದ್ದ ಅಕಿ ಬೆನ್ನ ಮ್ಯಾಲೆ ನಾ ಸುಮ್ನ ಕೈ ಇಟ್ಟೆ. ಗಂಟಲ ತಳದಾಗಿಂದ ಗುರ್ರ್ ಅಂತ ಸಣ್ಣದೊಂದು ಸದ್ದು ಬಂತು. ಸಲೈನ್ ನೋಡಾಕ ಬಂದಿದ್ದ ನರ್ಸ್ ಹುಡುಗಿ ನಿಂತು ಕೇಳಿದ್ಲು, “ಅಜ್ಜಿ ಏನಂತಾರ್ರಿ?”

“ಕೈ ತಗೀಬ್ಯಾಡ ಅಂತಾಳ” ಅಂದೆ.

ಬಿಸಲು ಮಂಚದಿಂದ ಇಳದು ಗ್ವಾಡಿ ಕಡೆ ಸರದು ಹೋಗೋ ತನಕಾ ನಾ ಕೈ ತಗೀಲಿಲ್ಲ.