ಪುಟ್ಟೇಗೌಡರ ಅರ್ಧ ಕಿವಿ

ಪುಟ್ಟೇಗೌಡರಿಗೆ ಬಲಗಿವಿ ಅರ್ಧವೇ ಇತ್ತು. ಉಳಿದರ್ಧ ಯಾವ ದೇಶದಲ್ಲಿದೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಗಡಿಯ ಗುಡ್ಡವೊಂದರ ಮೇಲೆ, ಗುಂಡು ಮುಗಿದು ಕೈಕೈ ಮಿಲಾಯಿಸಿದಾಗ, ಆಚೆ ದೇಶದ ಸಿಪಾಯಿಯೊಬ್ಬ ಅದನ್ನು ಕಚ್ಚಿ ಕಿತ್ತಿದ್ದ. ಯುದ್ಧ ನಿಂತ ಮೇಲೆ ಗೆದ್ದೆವು ಎಂದು ನಾವೂ ಅಂದೆವು, ಅವರೂ ಅಂದರು. ಆ ಗುಡ್ಡವನ್ನು ಎರಡೂ ದೇಶದವರು ತಮ್ಮ ನಕ್ಷೆಯಲ್ಲೇ ತೋರಿಸುತ್ತಾರೆ.

ಮಾರೇನಹಳ್ಳಿಯಲ್ಲಿ ನಮ್ಮದಕ್ಕೆ ಗೋಡೆ ತಾಗಿದ ಮನೆ ಅವರದು. ಹವಾಲ್ದಾರರಾಗಿ ನಿವೃತ್ತರಾಗಿದ್ದರು. ಮುಂಗೋಪವೆಂದರೆ ಅಂತಿಂಥ ಮುಂಗೋಪವಲ್ಲ. ಗೇಟಿಗೆ ಅಡ್ಡ ಗಾಡಿ ನಿಲ್ಲಿಸಿದವರ ಚಕ್ರದಲ್ಲಿ ಗಾಳಿ ಉಳಿಯುತ್ತಿರಲಿಲ್ಲ. ನನ್ನ ಮಗಳಿಗೆ ಸೈಕಲ್ ಕಲಿಸಿದವರೂ ಅವರೇ, ಬಿದ್ದಾಗ ಅವಳಿಗಿಂತ ಜೋರಾಗಿ ಕೂಗಿದವರೂ ಅವರೇ.

"ನಿಜ ಹೇಳಿ ಗೌಡ್ರೆ, ಗೆದ್ದಿದ್ದು ಯಾರು?" ಎಂದು ಮಾತ್ರ ಕೇಳಬಾರದಿತ್ತು. ಟೀ ಅಂಗಡಿಯಲ್ಲಿ ನನ್ನ ಷಡ್ಡಕ ಹಾಗೆ ಕೇಳಿ, ಕೊರಳಪಟ್ಟಿ ಹಿಡಿಸಿಕೊಂಡು, ಬಿಸಿ ಟೀ ಮೈಮೇಲೆ ಚೆಲ್ಲಿಕೊಂಡ.

"ಕಿವಿ ಕಚ್ಚಿದ್ನಲ್ಲ, ಅವ್ನ್ ಗಂಟ್ಲು ನನ್ ಕೈಲಿತ್ತು ಕಣಯ್ಯ," ಗೌಡರ ಮುಖ ಅವನ ಮುಖಕ್ಕೆ ತಾಗುವಂತಿತ್ತು. "ಒದ್ದಾಡೋದ್ ನಿಲ್ಲೋಗಂಟ ಹಿಸುಕ್ದೆ. ಜೇಬ್ ನೋಡುದ್ರೆ ಹುರ್ಗಡ್ಲೆ, ಬೆಲ್ಲ! ಇದ್ರಲ್ಲಿ ಗೆಲ್ಲೋದ್ ಎಲ್ ಬಂತು?"

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಗೌಡರು ಅಪ್ಪ ಅಮ್ಮನ ಎಲೆಗಳ ಪಕ್ಕ ಇನ್ನೊಂದು ಎಲೆ ಹಾಕುತ್ತಿದ್ದರು. ಸತ್ತವರಿಗೆ ಇಷ್ಟವಾದದ್ದನ್ನು ಬಡಿಸಿ, ಅವರು ಬಂದು ಉಣ್ಣಲೆಂದು ಬಾಗಿಲು ಎಳೆದುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಅಪ್ಪನಿಗೆ ತಲೆಮಾಂಸ, ಬೀಡಿ. ಈ ಎಲೆಗೆ ಮುದ್ದೆ, ಮಟನ್ ಸಾರು, ಜೊತೆಗೆ ಒಂದು ಹಿಡಿ ಹುರಿಗಡಲೆ, ಬೆಲ್ಲ.

"ಅವ್ನ್ ಹೆಣ ನಾವೂ ಎತ್ಲಿಲ್ಲ, ಅವ್ರೂ ಎತ್ಲಿಲ್ಲ. ಗುಡ್ಡದ್ ಮ್ಯಾಲೇ ಉಳೀತು. ಅವ್ನಿಗೆ ಯಾರ್ ಇಕ್ತಾರೆ?" ಎಂದಿದ್ದರು ನನಗೆ.

ಹೋದ ವರ್ಷ ಗಡಿಯಲ್ಲಿ ಮತ್ತೆ ಗುಂಡು ಹಾರಿತು. ಮತ್ತೆ ಎರಡೂ ಕಡೆ ಗೆದ್ದೆವೆಂದು ಪಟಾಕಿ. ಬೀದಿಯ ನಾಲ್ಕೈದು ಯುವಕರು ಶಾಲು, ಹಾರ ಹಿಡಿದು ಗೌಡರಿಗೆ ಸನ್ಮಾನ ಮಾಡಲು ಬಂದದ್ದು ಎಡೆಯ ಹೊತ್ತಿಗೇ. ನಾನೂ ಅಲ್ಲಿದ್ದೆ. ಹುರಿಗಡಲೆಯ ಎಲೆ ಯಾರದೆಂದು ಒಬ್ಬ ಕೇಳಿದ. ಗೌಡರಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ.

"ನಾನ್ ಕೊಂದೋನ್ದು. ಆಚೆ ದೇಶ್ದೋನು."

"ಶತ್ರುಗೆ ಊಟ ಇಕ್ತೀರಾ? ಎತ್ತಿ ಬಿಸಾಕಿ ಸಾರ್ ಅದನ್ನ!"

"ಎತ್ತಲ್ಲ."

ಅವನು ಎಲೆಗೆ ಒದ್ದ. ಸಾರು ಗೋಡೆಗೆ ಸಿಡಿಯಿತು. ಗೌಡರು ಮುದ್ದೆ ತಿರುವುವ ಕೋಲಿನಿಂದ ಬಾರಿಸಿದ ಏಟಿಗೆ ಅವನ ಮೂಗು ಒಡೆದು ರಕ್ತ ಸುರಿಯಿತು. ಉಳಿದವರು ಎಪ್ಪತ್ತು ದಾಟಿದ ಮುದುಕನನ್ನು ಕೆಡವಿಕೊಂಡು ಪಕ್ಕೆಗೆ ಒದ್ದರು. ಬಿಡಿಸಲು ಹೋದ ನನಗೂ ಬಿತ್ತು. ಗೌಡರ ಹೆಂಡತಿ ಜಯಮ್ಮ ಕುದಿಯುವ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಾಗ ಆ ಯುವಕರು ಓಡಿದರು. ಈಗಲೂ ನೆನೆದರೆ ನನಗೆ ಮೈ ಉರಿಯುತ್ತದೆ.

"ಆಸ್ಪತ್ರೆಗೆ ನಡೀರಿ ಗೌಡ್ರೆ," ಎಂದೆ.

"ಎಡೆ ಆಗ್ಲಿ ಇರಯ್ಯ." ಬಾಯಿಯ ರಕ್ತವನ್ನು ಸನ್ಮಾನದ ಶಾಲಿನಲ್ಲೇ ಒರೆಸಿಕೊಂಡು, ಹೊಸ ಎಲೆ ಹಾಕಿ, ಮೊದಲಿಂದ ಬಡಿಸಿದರು.

ಮುರಿದ ಪಕ್ಕೆಲುಬಿನ ನೋವು ಉಸಿರಾಟಕ್ಕೆ ತಿರುಗಿ, ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಕಡೆಯ ಸಲ ನೋಡಲು ಹೋದಾಗ ಜಯಮ್ಮನವರತ್ತ ಕಣ್ಣು ಮಾಡಿ, "ನಾನ್ ಹೋದ್ಮೇಲೆ ಇವ್ಳು ಅವ್ನಿಗೆ ಇಕ್ಕಲ್ಲ ಕಣಯ್ಯ," ಅಂದರು. ಅದೊಂದೇ ಅವರಿಗೆ ಚಿಂತೆ. ಜಯಮ್ಮ ಗೋಡೆಯತ್ತ ಮುಖ ತಿರುಗಿಸಿಕೊಂಡರು. ಗಂಡನನ್ನು ಆ ಎಲೆಯೇ ತಿಂದಿತು ಎಂಬ ಸಿಟ್ಟು ಅವರಿಗಿತ್ತು. ನನಗೂ ಇತ್ತು.

ಈ ಸಲದ ಅಮಾವಾಸ್ಯೆಗೆ ಜಯಮ್ಮ ನಮ್ಮನ್ನು ಕರೆದರು. ಅತ್ತೆ ಮಾವನ ಎಲೆಗಳಾದ ಮೇಲೆ ಗೌಡರ ಎಲೆ. ಅದಕ್ಕೆ ತಾಗಿದಂತೆ ಇನ್ನೊಂದು. ಅದರ ತುದಿಯಲ್ಲಿ ಹುರಿಗಡಲೆ, ಬೆಲ್ಲ ಇಟ್ಟು, ಎರಡಕ್ಕೂ ಸಾರು ಬಿಟ್ಟು, ಗಂಡನ ಎಲೆಗೆ ಹೇಳಿದರು:

"ತಗಳಿ, ಪಕ್ಕದಲ್ಲೇ ಕೂರ್ಸಿದೀನಿ. ಗೆದ್ದೋರ್ ಯಾರೋ ನೀವ್ ನೀವೇ ನೋಡ್ಕಳಿ. ಮೊದ್ಲು ಉಣ್ಣಿ. ಏಳೋವಾಗ ಮರೀದೆ ಆ ಕಿವಿ ಇಸ್ಕಳಿ."

ಆಮೇಲೆ ಬಾಗಿಲು ಎಳೆದುಕೊಂಡು, ಹೊರಗೆ ಗೋಡೆಗೆ ಒರಗಿ ಅತ್ತರು.